ಹೊಗೆನಕಲ್ ದಡದಲ್ಲಿ ಕಟ್ಟಡ ಪರವಾನಗಿ ಬಿಗಿಯಾಗಲಿ



ಹೊಗೆನಕಲ್‌ನ ಎಣ್ಣೆಸ್ನಾನ, ಮೀನು ಫ್ರೈ, ತೆಪ್ಪದ ಸವಾರಿ ಎಷ್ಟೋ ಮನೆಗಳ ಅನ್ನ. ಅದನ್ನು ಯಾರೂ ಕಸಿಯಬಾರದು. ಆದರೆ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಶಾಂಪೂ ಪೊಟ್ಟಣ, ಎಣ್ಣೆ ಬಾಟಲಿ ಕಂಡಾಗ ಕರುಳು ಚುರುಕ್ ಎನ್ನುತ್ತದೆ. ಧರ್ಮಪುರಿ, ಕೃಷ್ಣಗಿರಿಯ ಫ್ಲೋರೈಡ್ ಪೀಡಿತ ಊರುಗಳು ಕುಡಿಯುವುದು ಇಲ್ಲಿ ಹರಿಯುವ ಇದೇ ಕಾವೇರಿಯನ್ನು.

ಈ ದಡವನ್ನು ಕಾಯಲು ದೊಡ್ಡ ಕಾನೂನುಗಳಷ್ಟೇ ಸಾಲವು: 2017ರ ಕೇಂದ್ರ ಜೌಗುಪ್ರದೇಶ ನಿಯಮಗಳು ನದಿಪಾತ್ರವನ್ನು ಹೊರಗಿಟ್ಟಿವೆ. ತಮಿಳುನಾಡು 2022ರಲ್ಲಿ ಘೋಷಿಸಿದ ಕಾವೇರಿ ದಕ್ಷಿಣ ವನ್ಯಧಾಮ ನೀರುನಾಯಿ, ಮೊಸಳೆಗಳಿಗೆ ಆಸರೆಯೇನೋ ಹೌದು. ಊರೊಳಗಿನ ಹೋಟೆಲು, ವಸತಿಗೃಹಗಳ ಮೇಲೆ ಹಿಡಿತ ಇರಬೇಕಾದದ್ದು ಮಾತ್ರ ಸ್ಥಳೀಯ ಪರವಾನಗಿಗೇ.

ಪ್ರವಾಹ ಮುಟ್ಟುವ ಗುರುತಿನೊಳಗೆ ಹೊಸ ಕಟ್ಟಡಕ್ಕೆ ಅನುಮತಿ ಬೇಡ. ಉಳಿದೆಡೆಯೂ ಶೌಚದ ನೀರು ಎಲ್ಲಿಗೆ ಹೋಗುತ್ತದೆಂದು ನಕ್ಷೆಯಲ್ಲಿ ತೋರಿಸದವರಿಗೆ ಕೊಡಬೇಡಿ. ಕೊಟ್ಟ ಪರವಾನಗಿಗಳ ಪಟ್ಟಿ ಪಂಚಾಯಿತಿ ಫಲಕದಲ್ಲಿ ತಮಿಳು, ಕನ್ನಡ ಎರಡರಲ್ಲೂ ಇರಲಿ. ಎದುರು ದಡದ ಚಾಮರಾಜನಗರ ಜಿಲ್ಲಾಡಳಿತವೂ ಇದೇ ಕಟ್ಟುನಿಟ್ಟು ತೋರಲಿ.

— ಒಬ್ಬ ಓದುಗ, ಪೆನ್ನಾಗರಂ