ಒಂದು ಪೊಟ್ಟಣ, ಮೂರು ತಟ್ಟೆ

ಕಳೆದ ತಿಂಗಳು ಐದನೇ ತರಗತಿಯ ಮಕ್ಕಳಿಗೆ 'ನನಗೆ ಬರುವ ಅಡಿಗೆ' ಎಂಬ ವಿಷಯ ಕೊಟ್ಟು ಹತ್ತು ವಾಕ್ಯ ಬರೆಯಲು ಹೇಳಿದ್ದೆ. ಉಪ್ಪಿಟ್ಟು, ಚಿತ್ರಾನ್ನ, ಕಡೇಪಕ್ಷ ಚಹಾ ಎಂದು ಬರೆದಾರು ಎಂದುಕೊಂಡಿದ್ದೆ. ಸಂಜೆ ಪುಸ್ತಕಗಳನ್ನು ಮನೆಗೆ ತಂದು ತಿದ್ದಲು ಕೂತರೆ 26ರಲ್ಲಿ 15 ಮಕ್ಕಳು ಬರೆದದ್ದು ಮ್ಯಾಗಿ! ಕಂಪೆನಿ ಯಾವುದಾದರೂ ಇರಲಿ, ನಮ್ಮ ಹೋಳೂರಿನ ಮಕ್ಕಳ ಬಾಯಲ್ಲಿ ಎಲ್ಲ ನೂಡಲ್ಸೂ ಮ್ಯಾಗಿಯೇ.

ನನಗೆ ಕೋಪ ಬಂತು. ಏಕೆಂದರೆ ಎರಡು ವಾರದ ಹಿಂದಷ್ಟೇ ಪೋಷಕರ ಸಭೆಯಲ್ಲಿ ಇದೇ ವಿಷಯವಾಗಿ ನಾನು ಉದ್ದವಾಗಿ ಮಾತನಾಡಿದ್ದೆ. "ನಿಮ್ಮ ಎರಡು ನಿಮಿಷದ ಸೋಮಾರಿತನಕ್ಕೆ ಮಕ್ಕಳ ಆರೋಗ್ಯವನ್ನು ಮಾರಬೇಡಿ" ಎಂದಿದ್ದೆ. ತಾಯಂದಿರು ತಲೆ ತಗ್ಗಿಸಿ ಕೇಳಿದ್ದರು. ಮಾತು ಚೆನ್ನಾಗಿ ಬಂತೆಂದು ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಆದರೆ ಓದುತ್ತಾ ಹೋದಂತೆ ಕೋಪ ಇಳಿದು ನಗು ಬಂತು. ಒಬ್ಬ ಹುಡುಗ ಒಲೆಯನ್ನೇ ಹಚ್ಚುವುದಿಲ್ಲ. ಪೊಟ್ಟಣವನ್ನು ಅಂಗೈಯಲ್ಲಿ ಅದುಮಿ ಪುಡಿ ಮಾಡಿ, ಮಸಾಲೆ ಉದುರಿಸಿ, ಬಾಯಿ ಹಿಡಿದು ಕುಲುಕಿ, ಶಾಲೆಗೆ ಬರುವ ದಾರಿಯಲ್ಲೇ ಖಾಲಿ ಮಾಡುತ್ತಾನೆ. 'ಪಾತ್ರೆ ತೊಳೆಯುವ ಕೆಲಸ ಇಲ್ಲ' ಎಂಬುದು ಅವನ ಹತ್ತನೇ ವಾಕ್ಯ. ಅವಳಿ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಸಾರಿನ ಹಾಗೆ ನೀರು ಬೇಕು, ಇನ್ನೊಬ್ಬಳಿಗೆ ಪೂರಾ ಬತ್ತಬೇಕು. ಅದಕ್ಕೆ ಅವರ ಅಮ್ಮಿ ಮೊದಲು ಒಬ್ಬಳಿಗೆ ಬಡಿಸಿ, ಉಳಿದದ್ದನ್ನು ಮತ್ತೆ ಒಲೆಗೇರಿಸುತ್ತಾರಂತೆ.

ಮೊಟ್ಟೆಯ ವಿಷಯದಲ್ಲೂ ಎರಡು ಪಕ್ಷ. ಕುದಿಯುವಾಗಲೇ ಒಡೆದು ಹಾಕಿ ಕದಡುವವರು ಕೆಲವರು, ಬೇರೆಯಾಗಿ ಆಮ್ಲೆಟ್ ಮಾಡಿ ಮೇಲೆ ಮುಚ್ಚುವವರು ಕೆಲವರು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿ, ಎರಡು ಟೊಮೆಟೊ ಹೆಚ್ಚಿ ಉಪ್ಪಿಟ್ಟಿನ ಹಾಗೆ ಮಾಡುವ ಮನೆಗಳೇ ಹೆಚ್ಚು. ಕೋಲಾರದ ಟೊಮೆಟೊ ಇಲ್ಲಿಗೂ ಬರಬೇಕಲ್ಲ! ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಬೇಯಿಸಿ ಸೇರಿಸುತ್ತೇವೆಂದು ಒಬ್ಬ ಬರೆದಿದ್ದ. ಇನ್ನೊಬ್ಬಳ ಮನೆಯಲ್ಲಿ ರಾತ್ರಿ ಉಳಿದ ಖೀಮಾ ಬೆಳಿಗ್ಗೆ ಇದರೊಳಗೆ ಸೇರುತ್ತದೆ.

ಕೊನೆಯ ಪುಸ್ತಕ ಒಬ್ಬ ಮೌನಿ ಹುಡುಗಿಯದು. ಅವಳು ಬರೆದಿದ್ದಳು: "ನಮ್ಮ ಮನೇಲಿ ಒಂದು ಮ್ಯಾಗಿ, ಮೂರು ಜನ. ಮೊದಲು ಎರಡು ಹಿಡಿ ಶಾವಿಗೆ ಹುರೀತೀನಿ. ನಾಲ್ಕು ಲೋಟ ನೀರು ಹಾಕ್ತೀನಿ. ಮಸಾಲೆ ಸಾಲಲ್ಲ, ಅದಕ್ಕೆ ಉಪ್ಪು, ಖಾರದಪುಡಿ ಹಾಕ್ತೀನಿ. ತಮ್ಮನ ತಟ್ಟೆಗೆ ಮ್ಯಾಗಿ ಎಳೆ ಜಾಸ್ತಿ ಹಾಕ್ತೀನಿ. ನನಗೆ ಶಾವಿಗೇನೇ ಇಷ್ಟ."

'ಹುರೀತೀನಿ'ಯನ್ನು 'ಹುರಿಯುತ್ತೇನೆ' ಎಂದು ತಿದ್ದಿದೆ. ಮುಂದಕ್ಕೆ ಕೆಂಪು ಪೆನ್ನು ಓಡಲಿಲ್ಲ. ಆ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಬೇಗ ಎದ್ದುಹೋದವರು ಇವಳ ತಾಯಿಯೇ.

ಭಾನುವಾರ ಅವರ ಮನೆಗೆ ಹೋದೆ. ಆ ತಾಯಿ ನರಸಾಪುರದ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾರೆ. ಮಧ್ಯಾಹ್ನದ ಪಾಳಿ ಬಂದರೆ ವ್ಯಾನು ಮನೆ ಮುಟ್ಟಿಸುವಾಗ ರಾತ್ರಿ ಬಹಳ ಹೊತ್ತಾಗಿರುತ್ತದೆ. ತಂದೆ ಟೊಮೆಟೊ ಲಾರಿ ಓಡಿಸುತ್ತಾರೆ, ಹೊರಟರೆ ವಾರಗಟ್ಟಲೆ ಹೊರರಾಜ್ಯ. "ಆಪಾ, ಅನ್ನ, ಸಾರು ಮಾಡಿಟ್ಟೇ ಹೋಗ್ತೀನಿ. ಮಗ್ರಿಬ್ ಆಗ್ತಿದ್ದ ಹಾಗೇ ಚಿಕ್ಕವರು ನನ್ನನ್ನ ಕೇಳ್ಕೊಂಡು ಅಳ್ತಾರೆ. ಮ್ಯಾಗಿ ಮಾಡಿಕೊಟ್ರೆ ಸುಮ್ಮನಾಗ್ತಾರೆ ಅಂತ ಇವಳು ಮಾಡ್ತಾಳೆ. ನೀವು ಆವತ್ತು ಹೇಳಿದ್ದು ಸರಿಯೇ" ಎಂದರು. ಅವರು ನನ್ನನ್ನು ಒಂದು ಮಾತು ಬೈದಿದ್ದರೆ ಸುಲಭವಾಗುತ್ತಿತ್ತು. ಇನ್ನೊಬ್ಬರ ಬಗ್ಗೆ ಒಳ್ಳೆಯದನ್ನೇ ಭಾವಿಸಬೇಕೆಂಬ 'ಹುಸ್ನೆ ಝನ್' ಪಾಠವನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದವಳು ನಾನು. ಅಂದು ನನಗೆ ಅವರ ಮುಖ ನೋಡಲಾಗಲಿಲ್ಲ. ಮಾಫ್ ಮಾಡಿ ಎಂದು ಕೇಳಿಕೊಂಡೆ.

ಸಹೋದರಿಯರೇ, ಈ ತಿನಿಸು ಹುಟ್ಟಿದ್ದೇ ಹಸಿವಿನಿಂದ. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ಅನ್ನಕ್ಕೆ ಬರವಿತ್ತು. ಒಸಾಕಾ ನಗರದಲ್ಲಿ ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ ಜನ ಚಳಿಯಲ್ಲಿ ಸಾಲುಗಟ್ಟಿ ನಿಂತದ್ದನ್ನು ಮೊಮೊಫುಕು ಆಂಡೊ ಎಂಬವರು ನೋಡಿದ್ದರು. ಮುಂದೆ ವ್ಯವಹಾರದಲ್ಲಿ ಎಲ್ಲವನ್ನೂ ಕಳೆದುಕೊಂಡ ಮೇಲೆ, ಮನೆಯ ಹಿತ್ತಲಿನ ಸಣ್ಣ ಗುಡಿಸಲಿನಲ್ಲಿ ಪ್ರಯೋಗಕ್ಕೆ ಕೂತರು. ನೂಡಲ್ಸ್ ಒಣಗಿಸುವ ದಾರಿ ಹೊಳೆದದ್ದು ಅಡಿಗೆಮನೆಯಲ್ಲಿ ಪತ್ನಿ ಎಣ್ಣೆಯಲ್ಲಿ ಕರಿಯುತ್ತಿದ್ದುದನ್ನು ಕಂಡಾಗ ಎಂದು ಹೇಳುತ್ತಾರೆ. ಬೇಯಿಸಿದ ಎಳೆಯನ್ನು ಕರಿದರೆ ಒಳಗಿನ ನೀರು ಆವಿಯಾಗಿ ಹೋಗಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಬಿಸಿನೀರು ಹಾಕಿದಾಗ ಅದೇ ರಂಧ್ರದೊಳಗೆ ನೀರು ನುಗ್ಗಿ ಎಳೆ ಮೆತ್ತಗಾಗುತ್ತದೆ. ಎರಡು ನಿಮಿಷದ ಗುಟ್ಟು ಇಷ್ಟೇ. 1958ರಲ್ಲಿ ಅದು ಮಾರುಕಟ್ಟೆಗೆ ಬಂತು. ನಮ್ಮ ದೇಶಕ್ಕೆ ಮ್ಯಾಗಿ ಬಂದದ್ದು 1980ರ ದಶಕದ ಆರಂಭದಲ್ಲಿ. ಈಗ ಅದು ನಮ್ಮ ನಂಜನಗೂಡಿನಲ್ಲೂ ತಯಾರಾಗುತ್ತದೆ. 2023ರಲ್ಲಿ ಜಗತ್ತು ತಿಂದ ಇಂತಹ ನೂಡಲ್ಸ್ ಸುಮಾರು 12,000 ಕೋಟಿ ಪೊಟ್ಟಣ. ಅದರಲ್ಲಿ ಚೀನಾ ಮತ್ತು ಇಂಡೋನೇಷ್ಯಾದ ನಂತರ ಮೂರನೇ ಸ್ಥಾನ ಭಾರತದ್ದು.

ನಮಗೆ ಎಳೆ ಹೊಸದೇನಲ್ಲ. ಈದ್‌ನ ಶೀರ್ ಖುರ್ಮಾ ಶಾವಿಗೆಯಿಲ್ಲದೆ ಆಗುವುದಿಲ್ಲ. ನನ್ನ ಚಿಕ್ಕಂದಿನಲ್ಲಿ ನಮ್ಮ ನಾನಿ ಅಕ್ಕಿಹಿಟ್ಟಿನ ಉಂಡೆ ಬೇಯಿಸಿ ಒತ್ತುಶಾವಿಗೆ ಮಾಡುವಾಗ ಒಬ್ಬರು ಮಣೆ ಹಿಡಿಯಬೇಕು, ಒಬ್ಬರು ಒತ್ತಬೇಕು, ಒಬ್ಬರು ತಟ್ಟೆ ತಿರುಗಿಸಬೇಕು. ಪಕ್ಕದ ಮನೆಯ ಅಕ್ಕ ತೆಂಗಿನಕಾಯಿ ತುರಿದು ಹಾಲು ಹಿಂಡಿ ಕೊಡುತ್ತಿದ್ದರು. ಅದಕ್ಕೆ ನಾಲ್ಕು ಜನರ ಕೈ ಬೇಕಿತ್ತು. ಇದಕ್ಕೆ ಒಂದು ಮಗುವಿನ ಕೈ ಸಾಕು. ನೂಡಲ್ಸ್‌ನಲ್ಲಿ ನನಗೆ ಈಗ ಹೆದರಿಕೆ ಹುಟ್ಟಿಸುವುದು ಅದೇ. ಮಗು ಏನು ತಿಂದಿತು ಎಂದು ಕೇಳುವ ಮೊದಲು, ತಿನ್ನುವಾಗ ಅದರ ಜೊತೆ ಯಾರಿದ್ದರು ಎಂದು ಕೇಳಬೇಕಾಗಿದೆ.

ಹಾಗೆಂದು ಆರೋಗ್ಯದ ಮಾತನ್ನು ಬಿಡುವಂತಿಲ್ಲ. 2015ರ ಜೂನ್‌ನಲ್ಲಿ ಸೀಸದ ಅಂಶ ಮತ್ತು ಲೇಬಲ್ಲಿನ ದೋಷದ ಕಾರಣ ಕೊಟ್ಟು ಆಹಾರ ಸುರಕ್ಷತಾ ಪ್ರಾಧಿಕಾರವು ಮ್ಯಾಗಿಯನ್ನು ದೇಶದಾದ್ಯಂತ ವಾಪಸು ತೆಗೆಸಿತ್ತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಮರುಪರೀಕ್ಷೆಯ ನಂತರ ನವೆಂಬರ್‌ನಲ್ಲಿ ಅದು ಮತ್ತೆ ಅಂಗಡಿಗೆ ಬಂತು. ಅಂದಿನ ಗಾಬರಿ ಹೋಗಿದೆ. ಆದರೆ ಮೈದಾ, ತಾಳೆ ಎಣ್ಣೆ, ಉಪ್ಪು ಇವು ಮೂರೂ ಈಗಲೂ ಅದರಲ್ಲಿ ಇವೆ. ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಬಹುದೊಡ್ಡ ಪಾಲು ಇಂತಹ ಒಂದೇ ಪೊಟ್ಟಣದಿಂದ ಬಂದುಬಿಡಬಹುದು.

ಎಳೆಗೆ ಮೇಣ ಹಚ್ಚಿರುತ್ತಾರೆ ಎಂದು ಮೊದಲ ನೀರು ಚೆಲ್ಲುವವರಿದ್ದಾರೆ. ಅದು ಮೇಣವಲ್ಲ, ಕರಿದ ಎಣ್ಣೆ. ನೀರು ಚೆಲ್ಲಿದರೆ ಸ್ವಲ್ಪ ಎಣ್ಣೆ ಹೋದೀತು. ಆದರೆ ಉಪ್ಪಿನ ಹೆಚ್ಚು ಭಾಗ ಮಸಾಲೆಯ ಪುಡಿಯಲ್ಲಿರುವುದರಿಂದ, ಪುಡಿಯನ್ನು ಅರ್ಧಕ್ಕೆ ಇಳಿಸುವುದೇ ಸರಿಯಾದ ಉಪಾಯ. ಮೊಟ್ಟೆ, ಅವರೆ, ಕ್ಯಾರೆಟ್, ಸೊಪ್ಪು ಸೇರಿಸಿದರೆ ಮೈದಾದಲ್ಲಿ ಇಲ್ಲದ್ದು ಸ್ವಲ್ಪ ಸಿಗುತ್ತದೆ. ಹಾಗೆ ನೋಡಿದರೆ ಆ ಹುಡುಗಿಯ ಲೆಕ್ಕ ತಪ್ಪಿರಲಿಲ್ಲ. ಅವಳು ಬೆರೆಸುವ ಶಾವಿಗೆ ಎಣ್ಣೆಯಲ್ಲಿ ಕರಿದದ್ದಲ್ಲ, ಒಂದೇ ಮಸಾಲೆ ಮೂವರಿಗೆ ಹಂಚಿಹೋಗುತ್ತದೆ. ಮೇಲಿನಿಂದ ಹಾಕುವ ಉಪ್ಪನ್ನು ಬಿಟ್ಟು ನಿಂಬೆರಸ ಹಿಂಡು ಎಂದಷ್ಟೇ ನಾನು ಹೇಳಿಕೊಟ್ಟೆ.

ಹಲಾಲ್ ವಿಷಯದಲ್ಲೂ ಕಣ್ಣಿಟ್ಟಿರಬೇಕು. ಹಸಿರು ಗುರುತಿನ ಸಸ್ಯಾಹಾರಿ ಪೊಟ್ಟಣದಲ್ಲಿ ಮಾಂಸದ ಅಂಶದ ಆತಂಕವಿಲ್ಲ. ಈಗ ಕಾಲೇಜು ಮಕ್ಕಳು ತರುವ ಕೊರಿಯಾದ ಖಾರದ ನೂಡಲ್ಸ್‌ನಲ್ಲಿ ಕೋಳಿಯ ಅಂಶವೂ, 631 ಎಂಬ ಸಂಖ್ಯೆಯ ರುಚಿವರ್ಧಕವೂ ಇರಬಹುದು. ಈ 631ನ್ನು ಪ್ರಾಣಿಮೂಲದಿಂದಲೂ ತಯಾರಿಸುತ್ತಾರೆ, ಆದ್ದರಿಂದ ಹಲಾಲ್ ಮುದ್ರೆ ನೋಡಿಯೇ ಕೊಳ್ಳಿರಿ. ಅದರಲ್ಲಿ ಕೆಲವು ಬಗೆ ಅತಿ ಖಾರವೆಂದು 2024ರಲ್ಲಿ ಡೆನ್ಮಾರ್ಕ್ ದೇಶ ಅಂಗಡಿಗಳಿಂದ ತೆಗೆಸಿತ್ತು. ಚಿಕ್ಕ ಮಕ್ಕಳಿಗೆ ಅದು ಬೇಡವೇ ಬೇಡ. ಮಕ್ಕಳು ಒಲೆ ಹಚ್ಚುವ ಮನೆಯಾದರೆ ಪಾತ್ರೆಯ ಹಿಡಿ ಒಳಕ್ಕೆ ತಿರುಗಿಸಿಡುವುದು, ದುಪಟ್ಟಾ ತೆಗೆದಿಟ್ಟು ಒಲೆಯ ಮುಂದೆ ನಿಲ್ಲುವುದು, ಗ್ಯಾಸ್ ಬಂದ್ ಮಾಡುವುದು, ಇವನ್ನು ರುಚಿಗಿಂತ ಮೊದಲು ಕಲಿಸಿ.

ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಎಷ್ಟೋ ಸಲ ಪಾಠ ಮಾಡಿದ ಮಾತು ಇದು. ಆದರೆ ನಾಲ್ಕು ಲೋಟ ನೀರು ಹಾಕುತ್ತಿದ್ದ ಮಗು ಎರಡೇ ಬೀದಿಯಾಚೆ ಇದ್ದರೂ ನನಗೆ ಗೊತ್ತಿರಲಿಲ್ಲ. ಈಗ ಮಧ್ಯಾಹ್ನದ ಪಾಳಿಯ ವಾರದಲ್ಲಿ ಆ ಮೂರು ಮಕ್ಕಳು ಮಗ್ರಿಬ್‌ಗೆ ನಮ್ಮ ಮನೆಗೆ ಬರುತ್ತಾರೆ. ಖುರ್‌ಆನ್ ಪಾಠ ಮುಗಿಸಿ ನಮ್ಮ ಜೊತೆಯೇ ಊಟ. ವಾರಕ್ಕೊಮ್ಮೆ ಮ್ಯಾಗಿ.

ಮೊದಲ ಸಲ ನಾನೇ ಮಾಡಿದೆ, ಮೂರು ಪೊಟ್ಟಣ ಒಡೆದು. ಹುಡುಗಿ ಪಾತ್ರೆಯೊಳಗೆ ಇಣುಕಿ, "ಟೀಚರ್, ಶಾವಿಗೆ ಹಾಕಿಲ್ವಾ?" ಎಂದಳು. ಡಬ್ಬಿ ತೆಗೆದು ಅವಳ ಕೈಗೇ ಕೊಟ್ಟೆ. ಅವಳು ಹುರಿದಳು, ನಾನು ನೀರು ಅಳೆದೆ. ತಮ್ಮ ತಟ್ಟೆ ಹಿಡಿದು ಕಾಯುತ್ತಿದ್ದ.