ಖಾಲಿ ಜಾಗ ಯಾರದು?

ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಬಲೂನು ಕೇಂದ್ರವೊಂದಿದೆ. 1969ರಿಂದ ನಡೆದುಬಂದದ್ದು. ಹಾರಾಟದ ಹಂಗಾಮಿನಲ್ಲಿ ಅವರು ಸಾರ್ವಜನಿಕರಿಗೆ ಒಂದು ಪ್ರಕಟಣೆ ಕೊಡುತ್ತಾರೆ. ತೆಳು ಪ್ಲಾಸ್ಟಿಕ್ಕಿನ ಬಲೂನು, ಹೈಡ್ರೋಜನ್ ತುಂಬಿದರೆ 50ರಿಂದ 85 ಮೀಟರ್ ಅಗಲ, 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಏರುತ್ತದೆ. ಉಪಕರಣಗಳು ಬಣ್ಣದ ಪ್ಯಾರಾಶೂಟಿಗೆ ಜೋತುಬಿದ್ದು ಕೆಳಗಿಳಿಯುತ್ತವೆ. ಕಂಡವರು ಬಿಚ್ಚದೆ ಹತ್ತಿರದ ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಬೇಕು, ತಿಳಿಸಿದವರಿಗೆ ಇನಾಮು ಉಂಟು. ಬೀಳುವುದೆಲ್ಲಿ ಅಂದರೆ, ವಿಶಾಖಪಟ್ಟಣ-ಹೈದರಾಬಾದ್-ಸೊಲ್ಲಾಪುರ ಗೆರೆಯ ಆಜೂಬಾಜೂ, ಹೈದರಾಬಾದಿನಿಂದ 200-350 ಕಿಲೋಮೀಟರ್ ದೂರದವರೆಗೆ. ವಾಚನಾಲಯದ ಗೋಡೆಯ ನಕ್ಷೆಯ ಮೇಲೆ ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಒಂದು ದಾರ ಹಿಡಿದು ನೋಡ್ರಿ. ಉಮರ್ಗಾ ದಾರದ ಮಗ್ಗುಲಿಗೇ ಅದ. ನಿಲಂಗಾ, ಉದಗೀರ ಸ್ವಲ್ಪ ಮೇಲೆ.

ಅಂದರೆ ಬಲೂನಿನ ವಿಜ್ಞಾನಕ್ಕೆ ನಮ್ಮ ಸೀಮೆ ಹೊಸದಲ್ಲ. ಬೀಳುವ ಜಾಗವೆಂದು ಐದು ದಶಕದಿಂದ ಲೆಕ್ಕದಲ್ಲಿದ್ದೇವೆ. ಈಗ ಏರಿಸುವ ಜಾಗವೆಂದೂ ಕೇಳುವವರು ಬಂದಿದ್ದಾರೆ. ಹೋದ ಚಳಿಗಾಲ ಶಹರದ ಒಂದು ಕಾಲೇಜಿನ ಹುಡುಗರು ಜೀಪಿನಲ್ಲಿ ಬಂದು, ತಮ್ಮ ರಬ್ಬರ್ ಬಲೂನು ಬಿಡಲಿಕ್ಕೆ ಬಯಲು ಬೇಕೆಂದು ಮೂರು ತಾಲೂಕು ಸುತ್ತಿದರು. ನನ್ನ ತಕರಾರು ಬಲೂನಿನ ಮೇಲಲ್ಲ, ಹುಡುಗರ ಮೇಲೂ ಅಲ್ಲ. ಅವರ ಬಾಯಲ್ಲಿ ಹತ್ತು ಸಲ ಬಂದ ಒಂದು ಮಾತಿನ ಮೇಲೆ: ‘ಖಾಲಿ ಜಾಗ’.

ಉಪಗ್ರಹದ ಚಿತ್ರದಲ್ಲಿ ಮನೆ ಕಾಣದಿದ್ದರೆ ಅದು ಖಾಲಿ. ಅವರು ಫೋನಿನಲ್ಲಿ ಬೆರಳಿಟ್ಟು ತೋರಿಸಿದ ಎಲ್ಲಕ್ಕಿಂತ ಖಾಲಿಯಾದ ಜಾಗ ಯಾವುದು ಗೊತ್ತೇನು? ನಮ್ಮ ಹಳೇ ಊರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಔಸಾ, ಉಮರ್ಗಾ ಭಾಗದ ಊರುಗಳನ್ನು ಕೆಡವಿತು, ಸುಮಾರು 10,000 ಜನ ಸತ್ತರು. ಉಳಿದವರು ಹೊಸ ಜಾಗಕ್ಕೆ ಬಂದೆವು. ಹಳೇ ಊರಿನಲ್ಲಿ ಈಗ ಜಾಲಿಕಂಟಿ, ಕಲ್ಲುಗುಂಪೆ. ಕಟ್ಟೆಯ ಮೇಲೆ ಕುಂತಿದ್ದ ಮುತ್ಯಾ ಒಬ್ಬರು ಆ ಹುಡುಗರಿಗೆ ಇಷ್ಟೇ ಅಂದರು: “ತಮ್ಮಾ, ಅದು ಖಾಲಿ ಇಲ್ಲ. ಅಲ್ಲಿ ನಮ್ಮವ್ವ ಇದ್ದಾಳ.” ಹುಡುಗರು ಸುಮ್ಮನಾದರು, ಒಳ್ಳೆಯವರು. ಆದರೆ ಅವರನ್ನು ಕಳಿಸಿದ ಕಾಲೇಜು ಕೈಗೆ ಕೊಟ್ಟ ಕಾಗದದಲ್ಲಿ ತಂತಿ, ಮರ, ರಸ್ತೆ, ನೆಟ್‌ವರ್ಕು ಎಲ್ಲಕ್ಕೂ ಒಂದೊಂದು ಮನೆ ಹಾಕಿತ್ತು. ‘ಊರಿನವರ ಒಪ್ಪಿಗೆ’ ಅನ್ನುವುದಕ್ಕೆ ಮನೆ ಇರಲಿಲ್ಲ.

ಸ್ವಂತ ಆವರಣ ಇದ್ದವರ ಮಾತು ಬೇರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಇಂಥ ಸಣ್ಣ ಬಲೂನುಗಳನ್ನು ಹೊಸಕೋಟೆಯ ತಮ್ಮದೇ ಕ್ಯಾಂಪಸ್ಸಿನಿಂದ ಬಿಟ್ಟಿದ್ದಾರೆ. ಅಂಥ ಆವರಣ ಇಲ್ಲದ ಕಾಲೇಜು ಹಳ್ಳಿಗೆ ಬರುತ್ತದೆ. ಬರಲಿ. ಬರುವಾಗ ಅತಿಥಿಯಾಗಿ ಬರಬೇಕು, ಮೋಜಣಿದಾರರಾಗಿ ಅಲ್ಲ.

ಈಗ ಜಾಗದ ವಿಚಾರವನ್ನೇ ಸರಿಯಾಗಿ ನೋಡೋಣ. ಸರಿಯಾಗಿ ನೋಡಿದರೆ ಊರಿನವರನ್ನು ಬಿಟ್ಟು ಜಾಗ ಆರಿಸಲಿಕ್ಕೇ ಆಗುವುದಿಲ್ಲ. ಒಂದು ಘನಮೀಟರ್ ಹೀಲಿಯಂ ಹೆಚ್ಚುಕಡಿಮೆ ಒಂದು ಕಿಲೋ ಎತ್ತುತ್ತದೆ. ಬಲೂನು ಸೆಕೆಂಡಿಗೆ 5 ಮೀಟರಿನಂತೆ ಏರಿದರೆ 30 ಕಿಲೋಮೀಟರಿಗೆ ನೂರು ನಿಮಿಷ. ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಬಲೂನು ಹಿಗ್ಗುತ್ತದೆ, ಕೊನೆಗೆ ಒಡೆಯುತ್ತದೆ. ಚಳಿಗಾಲದಲ್ಲಿ ಹತ್ತು-ಹದಿನೈದು ಕಿಲೋಮೀಟರ್ ಮೇಲಿನ ಗಾಳಿ ಪಡುವಣದಿಂದ ಮೂಡಣಕ್ಕೆ ಜೋರಾಗಿ ಬೀಸುತ್ತದೆ. ಹಾಗಾಗಿ ಉಮರ್ಗಾದಲ್ಲಿ ಬಿಟ್ಟದ್ದು ಬಸವಕಲ್ಯಾಣದ ಕಡೆ, ನಿಲಂಗಾದ್ದು ಭಾಲ್ಕಿ ಕಡೆ, ಉದಗೀರದ್ದು ಔರಾದ ಕಡೆ ತೇಲುತ್ತದೆ. ಇನ್ನೂ ಮುಂದಕ್ಕೆ ಬೀದರ, ಅಲ್ಲಿ ವಾಯುಪಡೆಯ ಪೈಲಟ್‌ಗಳ ತರಬೇತಿ ನೆಲೆ. ವಿಮಾನಯಾನದವರ ಒಪ್ಪಿಗೆ ಕೈಯಲ್ಲಿ ಇಲ್ಲದೆ ಇಲ್ಲಿ ಬಲೂನು ಬಿಡುವುದು ಹುಡುಗಾಟವಲ್ಲ, ಅಪರಾಧ.

ಮಹಾರಾಷ್ಟ್ರದಲ್ಲಿ ಏರಿದ್ದು ಕರ್ನಾಟಕದಲ್ಲಿ ಇಳಿಯುತ್ತದೆ, ಇನ್ನೂ ಜಗ್ಗಿದರೆ ತೆಲಂಗಾಣದಲ್ಲಿ. ಗಾಳಿಗೆ ಗಡಿಕಲ್ಲು ಕಾಣುವುದಿಲ್ಲ, ಪೊಲೀಸರಿಗೆ ಕಾಣುತ್ತದೆ. ಆ ಹುಡುಗರ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಚೀಟಿ ಇತ್ತು. ಬೀಳುವ ಹೊಲದ ಒಡತಿ ಅದನ್ನು ಓದಿ ಏನು ತಿಳಿದುಕೊಳ್ಳಬೇಕು? ಕನ್ನಡ, ಮರಾಠಿ, ತೆಲುಗು, ಉರ್ದು, ನಾಲ್ಕರಲ್ಲೂ ಬರೆಯಿಸಬೇಕು. ಬರೆಯುವವರು ನಮ್ಮ ಗಡಿಶಾಲೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎರಡು ಭಾಷೆ ಬಾರದ ಮಗುವೇ ಇಲ್ಲಿಲ್ಲ.

2025ರ ಜನವರಿ 18ರಂದು ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಏನಾಯಿತೆಂದು ಎಲ್ಲರೂ ಕೇಳಿದ್ದೀರಿ. ಹೈದರಾಬಾದಿನ ಅದೇ ಕೇಂದ್ರದ ಬಲೂನು ಉಪಕರಣ ಸಮೇತ ಒಂದು ಮನೆಯ ಮೇಲೆ ಬಂದು ಬಿತ್ತು. ಜನ ಹೆದರಿದರು, ಪೊಲೀಸರು ಬಂದರು. ಜತೆಗಿದ್ದ ಪತ್ರ ನೋಡಿದ ಮೇಲೆ ಯಾರದೆಂದು ತಿಳಿಯಿತು. ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ, ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ ಇರುವ ಊರು ಅದು. ಅಕ್ಷರದ ಊರಿಗೆ ಆಕಾಶದಿಂದ ಬಂದ ಡಬ್ಬಿ ಭಯದ ವಸ್ತುವಾಗಬೇಕಿತ್ತೇನು? ಆ ಊರಿನ ಮಕ್ಕಳು ಹಿಂದೆ ಒಮ್ಮೆಯಾದರೂ ಒಂದು ಬಲೂನು ಏರಿಸಿದ್ದರೆ, ಅಂದು ಅವರೇ ಹಿರಿಯರನ್ನು ಹಿಂದೆ ಸರಿಸಿ, “ಮುಟ್ಟಬ್ಯಾಡ್ರಿ, ನಂಬರಿಗೆ ಫೋನ್ ಹಚ್ಚೋಣು” ಅನ್ನುತ್ತಿದ್ದರು.

ಇನ್ನು ನಮ್ಮವರ ಸರದಿ. “ನಮಗ್ಯಾಕ ಬೇಕು ಉಸಾಬರಿ” ಅಂದ ಸರಪಂಚರಿಗೆ, “ಏನಾದರೂ ಆದರ ಜವಾಬ್ದಾರಿ ಯಾರದು” ಅಂದ ಮಾಸ್ತರರಿಗೆ ನನ್ನ ಮಾತು ಇಷ್ಟು. ಗಾಳಿಯ ಒತ್ತಡದ ಪಾಠವನ್ನು ಹಲಗೆಯ ಮೇಲೆ ಎಷ್ಟು ವರ್ಷ ಬರೆಯುತ್ತೀರಿ? ಹದಿನಾರು-ಹದಿನೇಳು ಕಿಲೋಮೀಟರ್ ಮೇಲೆ ನಮ್ಮ ನೆತ್ತಿಯ ನೇರಕ್ಕೇ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಚಳಿ ಇದೆ. ಉರಿಬಿಸಿಲಿನ ಉಮರ್ಗಾದ ಮಗು ಅದನ್ನು ತಾನೇ ಏರಿಸಿದ ಥರ್ಮಾಮೀಟರಿನಲ್ಲಿ ಓದಿದರೆ ಮರೆತೀತೇ? 2005ರ ಏಪ್ರಿಲ್ 20ರಂದು ಹೈದರಾಬಾದಿನಿಂದ ಏರಿದ ಬಲೂನು ತಂದ ಗಾಳಿಯಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಸಿಕ್ಕವು. ಒಂದಕ್ಕೆ ಆರ್ಯಭಟನ ಹೆಸರು, ಒಂದಕ್ಕೆ ಇಸ್ರೋ ಹೆಸರು ಇಟ್ಟರು. ಇದು ನಮ್ಮ ಮಕ್ಕಳ ನೆತ್ತಿಯ ಮೇಲಿನ ಸಂಗತಿ, ಅವರಿಗೇ ಸುದ್ದಿ ಇಲ್ಲ.

ಹಾಗಂತ ಕರೆದವರಿಗೆಲ್ಲ ಬಯಲು ಬಿಟ್ಟುಕೊಡಬೇಕೆಂದಲ್ಲ. ಗ್ರಾಮಸಭೆಯ ಮುಂದೆ ಮರಾಠಿಯಲ್ಲಿ, ಕನ್ನಡದಲ್ಲಿ ಹೇಳಿ ಒಪ್ಪಿಗೆ ತಗೊಳ್ಳಲಿ. ಮಕ್ಕಳು ಸುತ್ತ ನಿಲ್ಲುವಾಗ ಹೈಡ್ರೋಜನ್ ಬೇಡ. ಅಗ್ಗವೆಂದು ಅದನ್ನೇ ತರುತ್ತಾರೆ, ಒಂದು ಬೀಡಿಯ ಕಿಡಿ ಸಾಕು. ಹೀಲಿಯಂ ತುಟ್ಟಿಯಾದರೆ ತುಟ್ಟಿಯಾಗಲಿ. ಡಬ್ಬಿಯಲ್ಲಿ ನಮ್ಮ ಶಾಲೆಯ ಒಂದು ಉಪಕರಣ ಹೋಗಬೇಕು, ಬಂದ ಅಂಕಿಗಳ ಒಂದು ಪ್ರತಿ ಶಾಲೆಯಲ್ಲಿ ಉಳಿಯಬೇಕು. ಬಿದ್ದ ಹೊಲದಲ್ಲಿ ಪೀಕು ತುಳಿದರೆ ನಷ್ಟ ಕಟ್ಟಿಕೊಡಬೇಕು. ಡಬ್ಬಿಯಿಂದ ಪೀಕಿಗೆ ಆಗುವುದು ಅಂಗೈಯಷ್ಟು ನಷ್ಟ, ನೋಡಲು ಓಡಿಬಂದ ನೂರು ಜನರಿಂದ ಆಗುವುದು ಅರ್ಧ ಎಕರೆ. ತುಳಿಸಿಕೊಂಡ ರೈತ ಮುಂದಿನ ಸಲ ಬಲೂನನ್ನೇ ಬೈಯುತ್ತಾನೆ.

ಜಾಗ ಬೇಕಾದರೆ ನಾನೇ ಹೇಳುತ್ತೇನೆ. ಶಾಲೆಯ ಮೈದಾನ ಬೇಡ, ಮೇಲೆ ಕರೆಂಟಿನ ತಂತಿ ಹಾದಿದೆ. ಹಳೇ ಊರು ಬೇಡವೇ ಬೇಡ. ಪಡುವಣ ದಿಕ್ಕಿನ ಮಸಾರಿ ದಿಬ್ಬದ ಮೇಲೆ ಗಾಯರಾನ ಇದೆ, ಗಾಡಿ ಹೋಗುವ ದಾರಿ ಇದೆ, ಫೋನು ಹತ್ತುತ್ತದೆ. ಬಿಳಿಜೋಳದ ರಾಶಿ ಮುಗಿದ ಮೇಲೆ, ಗಾಳಿ ಏಳುವ ಮುಂಚೆ, ನಸುಕಿನಲ್ಲಿ ಬಿಡಬೇಕು. ಆ ಹೊತ್ತಿಗೆ ಮೂಡಣದ ಹೊಲಗಳೂ ಬಹಳಷ್ಟು ಬೋಳಾಗಿರುತ್ತವೆ. ಕಬ್ಬಿನ ಪಡದಲ್ಲಿ ಬಿದ್ದರೆ ಮಾತ್ರ ದೇವರೇ ಹುಡುಕಿಕೊಡಬೇಕು. ಬರುವ ಮುಂಚೆ ತಲಾಠಿಗೆ ಒಂದು ಅರ್ಜಿ, ಹೆಡ್ ಮಾಸ್ತರರಿಗೆ ಒಂದು ಪತ್ರ ಹಾಕಲಿ. ಆ ಮುತ್ಯಾಗೂ ಒಂದು ಮಾತು ಕೇಳಲಿ. ಕಟ್ಟೆಯ ಮೇಲೆ ದಿನಾ ಸಿಗುತ್ತಾರೆ.