ಫೈಲಿನಲ್ಲಿರುವ ‘ಇ11’ ಎಂದರೆ ಯಾವ ಕಾಯಿಲೆ?

ಡಿಸ್ಚಾರ್ಜ್ ಚೀಟಿಯನ್ನು ಮಡಚಿ ಬೀರುವಿನಲ್ಲಿಡುವ ಮೊದಲು ಒಮ್ಮೆ ಬಿಡಿಸಿ ನೋಡಿ. ಕಾಯಿಲೆಯ ಹೆಸರಿನ ಪಕ್ಕದಲ್ಲಿ, ಕೆಲವೊಮ್ಮೆ ಹೆಸರಿನ ಬದಲಿಗೇ, ‘ಐ10’, ‘ಇ11’ ಎಂಬಂಥ ಗುರುತುಗಳಿರುತ್ತವೆ. ಇವು ವಿಶ್ವ ಆರೋಗ್ಯ ಸಂಸ್ಥೆಯ ‘ಐಸಿಡಿ’ ಎಂಬ ರೋಗಪಟ್ಟಿಯ ಹತ್ತನೇ ಆವೃತ್ತಿಯ ಸಂಕೇತಗಳು. ಐ10 ಎಂದರೆ ಅಧಿಕ ರಕ್ತದೊತ್ತಡ. ಇ11 ಎಂದರೆ ಟೈಪ್ 2 ಸಕ್ಕರೆ ಕಾಯಿಲೆ, ಇ10 ಎಂದರೆ ಟೈಪ್ 1. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಂತರೆ ಪ್ರಾಣಕ್ಕೇ ಅಪಾಯ. ಟೈಪ್ ಮಾಡುವವರ ಬೆರಳು ಜಾರಿ ಒಂದು ಅಂಕಿ ಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಹೆಸರೂ ಇದ್ದರೆ ಮಗುವಿನ ತಾಯಿಯೇ ಹಿಡಿಯುತ್ತಾಳೆ.

ಸಂಕೇತಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಂಗಳೂರಿನ ಫೈಲನ್ನು ರಿಯಾದ್‌ನ ವೈದ್ಯರು ಓದಬೇಕಾದರೆ ಅವು ಬೇಕು. ಆದರೆ ಸಂಕೇತ ಒಂಟಿಯಾಗಿ ಹೋಗಬಾರದು.

14 ಅಂಕಿಯ ಆಭಾ ಸಂಖ್ಯೆ ಕೊಡುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ದಾಖಲೆಗಳ ವಿನಿಮಯಕ್ಕೆ ‘ಫೈರ್’ ಎಂಬ ಅಂತಾರಾಷ್ಟ್ರೀಯ ಮಾದರಿಯನ್ನು ಬಳಸುತ್ತದೆ. ಇದನ್ನು ಮಾಡಿದವರು ಬುದ್ಧಿವಂತರೇ. ಸಂಕೇತ ಯಾವ ಪಟ್ಟಿಯದು, ಸಂಕೇತ ಯಾವುದು, ಪಟ್ಟಿಯಲ್ಲಿ ಅದರ ಹೆಸರೇನು, ವೈದ್ಯರು ತಮ್ಮ ಮಾತಿನಲ್ಲಿ ಬರೆದದ್ದೇನು ಎಂದು ಬೇರೆ ಬೇರೆ ಖಾನೆ ಇಟ್ಟಿದ್ದಾರೆ. ಆದರೆ ಮೂಲ ಮಾದರಿಯಲ್ಲಿ ಕೊನೆಯ ಎರಡು ಖಾನೆಗಳು ಕಡ್ಡಾಯವಲ್ಲ. ಕಂಪ್ಯೂಟರಿಗೆ ಅವು ಬೇಕಾಗಿಯೂ ಇಲ್ಲ. ಬೇಕಾಗಿರುವುದು ನಿಮಗೆ. ಅವನ್ನು ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯ ಮಾಡಬೇಕು, ರೋಗಿಗೆ ಕೊಡುವ ಪ್ರತಿಯಲ್ಲಿ ಕನ್ನಡದಲ್ಲೂ ಅಚ್ಚಾಗಬೇಕು ಎಂಬುದು ನನ್ನ ಅಭಿಪ್ರಾಯ.

ಯುನಾನಿಯವರಾದ ನಮಗೆ ಇದು ಇನ್ನೂ ಮುಖ್ಯ. ಐಸಿಡಿಯ ಹನ್ನೊಂದನೇ ಆವೃತ್ತಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ರೋಗಗಳಿಗೂ ಸಂಕೇತಗಳು ಬಂದಿವೆ. 2024ರ ಜನವರಿಯಲ್ಲಿ ದೆಹಲಿಯಲ್ಲಿ ಅವು ಬಿಡುಗಡೆಯಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ನಮ್ಮ ‘ವಜಉಲ್ ಮಫಾಸಿಲ್’ ತೆಗೆದುಕೊಳ್ಳಿ. ಮನೆಯಲ್ಲಿ ‘ಗಠಿಯಾ’ ಎನ್ನುತ್ತೀರಲ್ಲ, ಹೆಚ್ಚುಕಡಿಮೆ ಅದೇ. ಅಲೋಪಥಿಯ ಪಟ್ಟಿಯಲ್ಲಿ ಮೊಣಕಾಲ ಸವೆತಕ್ಕೆ ಎಂ17, ಯೂರಿಕ್ ಆಸಿಡ್‌ನಿಂದ ಬರುವ ಗೌಟ್‌ಗೆ ಎಂ10, ರುಮಟಾಯ್ಡ್‌ಗೆ ಎಂ05 ಅಥವಾ ಎಂ06. ನಮ್ಮ ಒಂದು ಹೆಸರಿನೊಳಗೆ ಇವೆಲ್ಲ ಬರಬಹುದು. ಯಂತ್ರ ಇವುಗಳಲ್ಲಿ ಒಂದನ್ನು ಆರಿಸಿ ಕೂರಿಸಿದರೆ, ಮುಂದಿನ ವೈದ್ಯರು ಅದನ್ನೇ ನಂಬಿ ಔಷಧಿ ಬರೆಯುತ್ತಾರೆ. ಹಕೀಮರು ಬರೆದ ಮೂಲ ಮಾತು ಜೊತೆಗಿದ್ದರೆ ಎರಡನೇ ಬಾರಿ ಯೋಚಿಸುತ್ತಾರೆ.

ಇನ್ನೊಂದು ವಿಷಯ, ಹೆಣ್ಣುಮಕ್ಕಳಿರುವ ಮನೆಗಳಿಗೆ. ಕೆಮ್ಮು ನಿಲ್ಲಲಿಲ್ಲವೆಂದು ಕ್ಷಯದ ಪರೀಕ್ಷೆ ಮಾಡಿಸುತ್ತೀರಿ, ಏನೂ ಇಲ್ಲವೆಂದು ಬರುತ್ತದೆ. ಬರೀ ಸಂಶಯದ ತಪಾಸಣೆಗೆ ‘ಝಡ್03.0’ ಎಂಬ ಬೇರೆ ಸಂಕೇತವಿದೆ. ಅದರ ಬದಲು ‘ಎ16’ ಎಂದು ಹಾಕಿದರೆ ಫೈಲಿನಲ್ಲಿ ಹುಡುಗಿ ಕ್ಷಯರೋಗಿಯೇ. ಮುಂದೆ ಆ ಪ್ರತಿ ಯಾರ ಕೈ ಸೇರುತ್ತದೋ, ಮದುವೆ ಮಾತುಕತೆಯ ಹೊತ್ತಿಗೆ ಯಾರು ಗೂಗಲ್ ಮಾಡುತ್ತಾರೋ! ‘ಸಂಶಯ’, ‘ಖಚಿತ’, ‘ಇಲ್ಲವೆಂದು ತಿಳಿಯಿತು’ ಎಂದು ಬರೆಯಲೂ ಆ ಮಾದರಿಯಲ್ಲಿ ಪ್ರತ್ಯೇಕ ಖಾನೆ ಇದೆ. ಅದನ್ನು ತುಂಬಿಸಿದ್ದಾರೆಯೇ ಎಂದು ಡಿಸ್ಚಾರ್ಜ್ ದಿನವೇ ಕೇಳಿ. ಪ್ರತಿ ಸಂಕೇತದ ಪಕ್ಕ ಅದರ ಹೆಸರನ್ನು ವೈದ್ಯರ ಕೈಯಲ್ಲೇ ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಬನ್ನಿ.